ದಯೆಗೆ ದೇವರ ರುಜು ಬೇಕೆ?

ಬ್ಲಫ್ ಅಂದರೆ ಮಳವಳ್ಳಿ ಸೀಮೆಯವರಿಗೆ ಕರೆಂಟಿನ ಊರು. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ. ಆದರೆ ಕರೆಂಟು ಬರುವುದಕ್ಕೆ ಬಹಳ ಹಿಂದಿನಿಂದಲೂ ಈ ನೆಲಕ್ಕೆ ಜನ ಬರುತ್ತಿದ್ದದ್ದು ಕೈಮುಗಿಯಲು. ಕಾವೇರಿ ಇಲ್ಲಿ ಎರಡು ಕವಲಾಗಿ ಶಿವನಸಮುದ್ರದ ದ್ವೀಪವನ್ನು ಬಳಸಿ ಹರಿಯುತ್ತಾಳೆ. ದ್ವೀಪದಲ್ಲಿ ರಂಗನಾಥನ ಗುಡಿಯಿದೆ, ಸೋಮೇಶ್ವರನ ಗುಡಿಯಿದೆ. ಗಗನಚುಕ್ಕಿಯ ಬದಿಯಲ್ಲಿ ಹಜರತ್ ಮರ್ದಾನೆ ಗೈಬ್ ಅವರ ದರ್ಗಾ ಇದೆ. ಹರಕೆ ಹೊತ್ತು ಬರುವವರು ಯಾವ ಬಾಗಿಲಿಗೆ ಯಾರು ಎಂದು ಬಹಳ ಲೆಕ್ಕ ಇಡುವುದಿಲ್ಲ.

ಗುಡಿಗಳ ಕಾಲಕ್ಕೂ ಕರೆಂಟಿನ ಕಾಲಕ್ಕೂ ನಡುವೆ ಇಲ್ಲಿ ಇನ್ನೊಂದು ಕೆಲಸ ನಡೆಯಿತು. 19ನೆಯ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬುವರು ಪಾಳುಬಿದ್ದಿದ್ದ ದ್ವೀಪದ ಗುಡಿಗಳನ್ನು ಜೀರ್ಣೋದ್ಧಾರ ಮಾಡಿಸಿ, ಹೊಳೆಯ ಬಂಡೆಯ ಮೇಲೆ ಕಲ್ಲುಕಂಬ ನಿಲ್ಲಿಸಿ ಸೇತುವೆ ಕಟ್ಟಿಸುವ ಕೆಲಸಕ್ಕೆ ಕೈಹಾಕಿದರು. ಬ್ರಿಟಿಷ್ ಸರ್ಕಾರ ಅವರಿಗೆ ಜನೋಪಕಾರಿ ಎಂಬ ಅರ್ಥದ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಹಳೆಯ ಸೇತುವೆಗಳಲ್ಲಿ ಒಂದರ ಭಾಗ 2018ರ ಆಗಸ್ಟಿನ ಪ್ರವಾಹದಲ್ಲಿ ಕುಸಿಯಿತು. ಅಲ್ಲಿಯವರೆಗೆ ಎಷ್ಟು ತಲೆಮಾರಿನ ಗಾಡಿ, ದನ, ಬಸುರಿ, ಬಾಣಂತಿ ಅದರ ಮೇಲೆ ದಾಟಿದರೋ! ಆ ಕಲ್ಲುಗಳನ್ನು ನಿಲ್ಲಿಸಿದ್ದು ಭಕ್ತಿಯೋ, ಹೆಸರಿನ ಆಸೆಯೋ, ಹೊಳೆ ದಾಟಲಾಗದ ಜನರ ಪಾಡು ಕಂಡು ಹುಟ್ಟಿದ ಮರುಕವೋ? ಗುಡಿ ಕಟ್ಟಿಸಿದ ಕೈಯೇ ಸೇತುವೆಯನ್ನೂ ಕಟ್ಟಿಸಿದ್ದರಿಂದ ಎರಡನ್ನೂ ಒಂದೇ ಖಾತೆಗೆ ಬರೆದುಬಿಡುವುದು ಸುಲಭ. ದೇವರ ಮೇಲಿನ ನಂಬಿಕೆ ಇತ್ತು, ಅದಕ್ಕೇ ಪರೋಪಕಾರ ಬಂತು ಎಂದು.

ನಮ್ಮ ಕಡೆ ಈ ಮಾತನ್ನು ಇನ್ನೂ ನೇರವಾಗಿ ಹೇಳುತ್ತಾರೆ. “ದ್ಯಾವ್ರು ದಿಂಡ್ರು ಅನ್ನೋ ಭಯ ಇಲ್ದೋದ್ರೆ ಮನ್ಸ ಮನ್ಸನಾಗಿ ಇದ್ದಾನಾ?” ಅರಳಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯ ಚಾಪೆಯ ಮೇಲೆ ಈ ಪ್ರಶ್ನೆ ಕೇಳದವರಿಲ್ಲ. ಅದನ್ನು ಮೌಢ್ಯ ಎಂದು ತಳ್ಳಿಹಾಕಬಾರದು. ಕೇಳುವವರು ಮನುಷ್ಯರನ್ನು ಹತ್ತಿರದಿಂದ ಕಂಡವರು. ಯಾರೂ ನೋಡದಾಗ ಬದುವಿನ ಕಲ್ಲು ಒಂದು ಮೊಳ ಆಚೆ ಸರಿಯುವುದನ್ನು ಬಲ್ಲವರು.

ಆದರೆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ಭಯ ಬೇರೆ, ದಯೆ ಬೇರೆ. ಭಯ ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಕದಿಯಬೇಡ, ಹೊಡೆಯಬೇಡ, ಸುಳ್ಳು ಆಣೆ ಇಡಬೇಡ ಎಂಬಷ್ಟರ ಮಟ್ಟಿಗೆ ಅದರ ಕೆಲಸ ದೊಡ್ಡದೇ. ಕೈಯನ್ನು ಮುಂದಕ್ಕೆ ಚಾಚಿಸುವುದು ಅದರಿಂದ ಆಗದು. ನರಕಕ್ಕೆ ಹೆದರಿ ಹಸಿದವನಿಗೆ ಅನ್ನವಿಕ್ಕಿದವನು ಅನ್ನವನ್ನೇನೋ ಇಕ್ಕಿದ. ಅವನ ಕಣ್ಣು ಮಾತ್ರ ಹಸಿದವನ ಮೇಲಿರಲಿಲ್ಲ, ತನ್ನ ಪಾಪಪುಣ್ಯದ ಲೆಕ್ಕದ ಮೇಲಿತ್ತು. ತಿಂದವನ ಹೊಟ್ಟೆ ತುಂಬಿದ್ದು ನಿಜವಾದ್ದರಿಂದ ಇದು ಸಣ್ಣ ವಿಷಯವಲ್ಲ. ಆದರೆ ಅದನ್ನು ದಯೆ ಎಂದು ಕರೆಯಲು ನಾಲಿಗೆ ತಡೆಯುತ್ತದೆ.

ದೇವರನ್ನು ಒಪ್ಪದೆಯೂ ಹದವಾಗಿ ಬದುಕಿದವರ ಉದಾಹರಣೆಗೆ ಮಂಡ್ಯ ಜಿಲ್ಲೆಯಿಂದ ಹೊರಗೆ ಹೋಗಬೇಕಿಲ್ಲ. ಎ.ಎನ್. ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ‘ದೇವರು’ ಪುಸ್ತಕ ಹೊರಬಂದದ್ದು 1991ರಲ್ಲಿ, ಅವರ ತೊಂಬತ್ತು ದಾಟಿದ ಮೇಲೆ. ಸಾವು ಹತ್ತಿರ ಬಂದಾಗ ಎಂಥವನಿಗೂ ದೇವರ ನೆನಪಾಗುತ್ತದೆ ಎಂಬ ಮಾತಿಗೆ ಅದಕ್ಕಿಂತ ಸೌಮ್ಯವಾದ ಉತ್ತರ ಕನ್ನಡದಲ್ಲಿಲ್ಲ. ದನಿ ಏರಿಸದೆ, ನಂಬುವವರನ್ನು ಹಂಗಿಸದೆ, ಲೋಕದ ಇಷ್ಟೊಂದು ನೋವಿನ ಎದುರು ಕರುಣಾಳುವಾದ ದೇವರೆಂಬ ಕಲ್ಪನೆ ಹೇಗೆ ನಿಲ್ಲುತ್ತದೆ ಎಂದು ಅವರು ವಿಚಾರ ಮಾಡಿದರು. ಗಮನಿಸಬೇಕಾದದ್ದು ಇದು: ಅವರನ್ನು ನಂಬಿಕೆಯಿಂದ ದೂರ ಒಯ್ದದ್ದರಲ್ಲಿ ತರ್ಕದಷ್ಟೇ ಪಾಲು ಕನಿಕರದ್ದೂ ಇತ್ತು. ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ ದೊಡ್ಡ ಗದ್ದಲ ಎದುರಿಸಿದವರು. ಅದೇ ಮನುಷ್ಯ ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದು, ಬಡ ಹುಡುಗರ ಓದಿಗೆ ಹೆಗಲು ಕೊಟ್ಟವರು.

ಇದಕ್ಕೆ ನಂಬುವವರ ಕಡೆಯಿಂದ ಒಂದು ಗಟ್ಟಿ ಮರುಮಾತಿದೆ. ಇಂಥವರು ಬೆಳೆದದ್ದು ಭಕ್ತರ ಮನೆಗಳಲ್ಲಿ. ಪುರಾಣ ಕೇಳಿ, ಹಬ್ಬ ಮಾಡಿ, ಅತಿಥಿಗೆ ಎಲೆ ಹಾಕುವುದನ್ನು ಕಂಡು. ದೇವರನ್ನು ಬಿಟ್ಟರೂ ದೇವರ ಮನೆಯಲ್ಲಿ ಕಲಿತದ್ದನ್ನು ಬಿಡಲಿಲ್ಲ ಅಷ್ಟೆ ಎಂದು. ಈ ಮಾತಿನಲ್ಲಿ ಹುರುಳಿದೆ. ಆದರೆ ಅದು ಸಾಬೀತು ಮಾಡುವುದು ದಯೆಯನ್ನು ಎಲ್ಲೋ ಒಂದು ಕಡೆ ಕಲಿಯಬೇಕು ಎಂಬುದನ್ನು. ಕಲಿಸುವವನು ದೇವರೇ ಆಗಿರಬೇಕು ಎಂಬುದನ್ನಲ್ಲ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದಲ್ಲಿ ಗಂಗರ ಕಾಲದ ಜೈನ ಕುರುಹುಗಳಿವೆ. ಅಲ್ಲಿ ತಪಸ್ಸಿಗೆ ಕೂತವರ ಮತದಲ್ಲಿ ಲೋಕವನ್ನು ಸೃಷ್ಟಿಸಿ ಆಳುವ ದೇವರೇ ಇಲ್ಲ. ಕೂರುವ ಮುಂಚೆ ನೆಲ ಗುಡಿಸಿ ಇರುವೆಯನ್ನು ಉಳಿಸುವ ಎಚ್ಚರವನ್ನು ಮಾತ್ರ ಅವರಷ್ಟು ದೂರ ಒಯ್ದವರು ಕಡಿಮೆ. ಕರ್ಮದ ಮೇಲಿನ ನಂಬಿಕೆ ಅವರಿಗೂ ಇತ್ತು, ಸರಿ. ಆದರೂ ದಯೆಗೆ ದೇವರು ಬೇಕೇಬೇಕು ಎಂಬ ವಾದ, ಮತಗಳ ಒಳಗೇ ಎರಡು ಸಾವಿರ ವರ್ಷಕ್ಕೂ ಹಿಂದೆ ಬಿದ್ದುಹೋಗಿದೆ.

ಹಾಗಾದರೆ ಅದು ಹುಟ್ಟುವುದೆಲ್ಲಿ? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನಾದ ಚಿಂತಕ ಮೆನ್ಸಿಯಸ್ ಒಂದು ಸನ್ನಿವೇಶ ಮುಂದಿಟ್ಟ. ಮಗುವೊಂದು ಬಾವಿಗೆ ಬೀಳುವುದರಲ್ಲಿದೆ; ಕಂಡವನ ಎದೆ ಧಸಕ್ಕೆನ್ನುತ್ತದೆ. ತಂದೆತಾಯಿಯ ಸ್ನೇಹ ಸಿಗಲೆಂದಲ್ಲ, ಊರವರ ಹೊಗಳಿಕೆಗಲ್ಲ, ಸುಮ್ಮನೆ ಹಾಗಾಗುತ್ತದೆ. ಮನುಷ್ಯನೊಳಗಿನ ದಯೆಯ ಮೊಳಕೆ ಇದು ಎಂದ ಅವನು. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ 2018ರ ನವೆಂಬರ್ 24ರಂದು ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. ಶಾಲೆಯ ಮಕ್ಕಳೂ ಸೇರಿ 30 ಜನ ತೀರಿಹೋದರು. ನಾಲೆ ತುಂಬಿ ಹರಿಯುತ್ತಿತ್ತು. ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಓಡಿಬಂದು ನೀರಿಗಿಳಿದರು, ಹಗ್ಗ ತಂದರು, ಮುಳುಗಿದ ಬಸ್ಸಿನೊಳಗಿಂದ ದೇಹಗಳನ್ನು ಎತ್ತಿದರು. ಅವರಲ್ಲಿ ಬಹುಪಾಲು ಜನ ದೈವಭಕ್ತರೇ ಇದ್ದಿರಬೇಕು; ಮಂಡ್ಯದ ಹಳ್ಳಿಗಳು ಹಾಗೆಯೇ. ಆದರೆ ನೀರಿಗೆ ಹಾರುವ ಆ ಗಳಿಗೆಯಲ್ಲಿ ನಂಬಿಕೆಯನ್ನು ವಿಚಾರಿಸಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಕಾಲು ಮೊದಲು ಓಡಿತು. ದೇವರ ಹೆಸರು ಬಾಯಿಗೆ ಬಂದಿದ್ದರೆ ಓಡುತ್ತಲೇ ಬಂದಿರಬೇಕು.

ಇಲ್ಲಿಗೆ ವಿಚಾರ ಮುಗಿಯಿತೆಂದು ನಾಸ್ತಿಕರು ಎದ್ದು ಹೊರಡುವ ಹಾಗಿಲ್ಲ. ಮೆನ್ಸಿಯಸ್ ಮೊಳಕೆ ಎಂದನೇ ಹೊರತು ಬೆಳೆ ಎನ್ನಲಿಲ್ಲ. ಒಟ್ಟಲಲ್ಲಿ ಹಸಿರಾಗಿ ಎದ್ದ ಪೈರನ್ನು ಕಿತ್ತು ನಾಟಿ ಮಾಡದಿದ್ದರೆ, ಅದು ಅಲ್ಲೇ ಒತ್ತೊತ್ತಾಗಿ ನಿಂತು ಹಳದಿಗೆ ತಿರುಗುತ್ತದೆ ಎಂಬುದನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಣ್ಣೆದುರಿನ ನೋವಿಗೆ ಮಿಡಿಯುವ ದಯೆ ಕಣ್ಣಳತೆ ಮುಗಿದಲ್ಲಿ ಮುಗಿಯುತ್ತದೆ. ನಾಲೆಗೆ ಬಿದ್ದ ಮಗುವಿಗೆ ಜೀವ ಒತ್ತೆಯಿಟ್ಟವನೇ ನಾಲೆಯ ತುದಿಯ ಊರಿಗೆ ನೀರು ಹೋಗದಂತೆ ರಾತ್ರಿ ತೂಬು ಎತ್ತಬಲ್ಲ. ತುದಿಯ ಊರಿನ ಒಣಗಿದ ಗದ್ದೆ ಅವನ ಕಣ್ಣಿಗೆ ಬೀಳುವುದಿಲ್ಲ. ಕಾಣದವರಿಗೆ, ನಮ್ಮವರಲ್ಲದವರಿಗೆ, ನೋಡಿದರೆ ಮುಖ ಹಿಂಡುವಂಥವರಿಗೆ ಈ ಮಿಡಿತವನ್ನು ದಾಟಿಸುವ ಕಷ್ಟದ ಕೆಲಸವನ್ನು ಯಾರು ಮಾಡುತ್ತಾರೆ? ಧರ್ಮಗಳು ತಮ್ಮ ಹಕ್ಕು ಹೇಳಬಹುದಾದದ್ದು ಇಲ್ಲಿ. ಅನ್ನದಾಸೋಹ, ಜಕಾತ್, ಅರವಟ್ಟಿಗೆ, ಧರ್ಮಾಸ್ಪತ್ರೆ ಇವೆಲ್ಲ ಮನಸ್ಸು ಮಿಡಿದಾಗ ಮಾತ್ರ ನಡೆಯುವ ಕೆಲಸಗಳಲ್ಲ. ಮಿಡಿಯದ ದಿನವೂ ಒಲೆ ಹತ್ತಬೇಕು ಎಂಬ ಕಟ್ಟುಪಾಡು ಅವುಗಳ ಹಿಂದಿದೆ.

ಆದರೆ ಕಟ್ಟುಪಾಡಿಗೂ ತನ್ನದೇ ಕುರುಡಿದೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮನಶ್ಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರಿಗೆ ಪಕ್ಕದ ಕಟ್ಟಡಕ್ಕೆ ಹೋಗಿ ಉಪನ್ಯಾಸ ಕೊಡಲು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಸಂಶೋಧಕರು ಹೇಳಿದರು. ಕೆಲವರ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿದ್ದ. ಅವನನ್ನು ಸಂಶೋಧಕರೇ ಕೂರಿಸಿದ್ದರು. ಬೇಕಾದಷ್ಟು ಸಮಯವಿದೆ ಎಂದು ಕಳಿಸಿದವರಲ್ಲಿ ನೂರಕ್ಕೆ 63 ಜನ ನಿಂತು ವಿಚಾರಿಸಿದರು. ತಡವಾಗಿದೆ, ಬೇಗ ಹೋಗಿ ಎನಿಸಿಕೊಂಡವರಲ್ಲಿ ನೂರಕ್ಕೆ 10 ಮಾತ್ರ. ಧರ್ಮದ ಬಗ್ಗೆ ಅವರ ಧೋರಣೆ ಏನು, ಉಪನ್ಯಾಸದ ವಿಷಯ ಯಾವುದು ಎಂಬುದರಿಂದ ನಿಲ್ಲುವರೋ ಇಲ್ಲವೋ ಎಂದು ಹೇಳಲಾಗಲಿಲ್ಲ. ದಯೆಯ ಕಥೆ ಹೇಳುವ ಅವಸರದಲ್ಲಿ ದಯೆ ಕೈತಪ್ಪಿತು. ದೇವರನ್ನು ನಂಬದವರೂ ಬೀಗಬೇಕಾಗಿಲ್ಲ. ಧಾರ್ಮಿಕವಲ್ಲದ ಮನೆಯ ಮಕ್ಕಳೇ ತಮ್ಮಲ್ಲಿದ್ದದ್ದನ್ನು ಹೆಚ್ಚು ಹಂಚಿಕೊಳ್ಳುತ್ತಾರೆ ಎಂದ 2015ರ ಸಂಶೋಧನೆಯೊಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಲೆಕ್ಕದಲ್ಲಿ ತಪ್ಪು ಸಿಕ್ಕಿ 2019ರಲ್ಲಿ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆದ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಇಷ್ಟೆಲ್ಲ ಓದಿಯೂ ಬಗೆಹರಿಯದೆ ಉಳಿದದ್ದಕ್ಕೆ ಉತ್ತರದ ಎಳೆ ಸಿಗುವುದು ಇದೇ ಮಳವಳ್ಳಿ ಸೀಮೆಯ ಹಾಡಿನಲ್ಲಿ. ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯದ ನಾಯಕ ಅವನು. ಧರೆಗೆ ದೊಡ್ಡವರು ಎಂದೇ ಅವನನ್ನು ಕರೆಯುವುದು. ಕಾವ್ಯದಲ್ಲಿ ಅವನು ಬಸವಣ್ಣನ ಕಲ್ಯಾಣವನ್ನು ಪರೀಕ್ಷಿಸಲು ಹೋಗುತ್ತಾನೆ. ಹೋಗುವ ವೇಷ ನೋಡಿ: ಮೈಯೆಲ್ಲ ತೊನ್ನು, ಕೀವು, ಸುತ್ತ ಗುಂಯ್‌ಗುಡುವ ನೊಣ, ಹೆಗಲ ಮೇಲೆ ಸತ್ತ ಕರು, ನಾಲ್ಕು ಮಾರು ದೂರಕ್ಕೇ ಮೂಗು ಮುಚ್ಚಿಸುವ ನಾತ. ಒಳಗೆ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆದಿದೆ. ವಿಭೂತಿ, ರುದ್ರಾಕ್ಷಿ, ಲಿಂಗಪೂಜೆ ಯಾವುದರಲ್ಲೂ ಕೊರತೆಯಿಲ್ಲ. ಬಾಗಿಲಲ್ಲಿದ್ದವರು ಇವನನ್ನು ಅಟ್ಟುತ್ತಾರೆ. ಅವನು ತಿಪ್ಪೆಯಲ್ಲಿ ಹೋಗಿ ಬೀಳುತ್ತಾನೆ. ಕೊನೆಗೆ ಅವನನ್ನು ಹುಡುಕಿ ಬಂದು ಆ ನಾರುವ ಮೈಯನ್ನು ಮುಟ್ಟುವವರು ಬಸವಣ್ಣ, ನೀಲಮ್ಮ.

ದಯೆಯನ್ನು ಧರ್ಮದ ಬುಡದಲ್ಲಿಟ್ಟು ಮಾತಾಡಿದ ಬಸವಣ್ಣನ ಊರಿಗೇ ಈ ಪರೀಕ್ಷೆ ಒಡ್ಡಿದ್ದು ನೀಲಗಾರರ ಧೈರ್ಯ. ಪರೀಕ್ಷೆಯಲ್ಲಿ ಕೇಳಿದ್ದೂ ಒಂದೇ: ಮುಟ್ಟುತ್ತೀಯಾ? ಯಾರನ್ನು ನಂಬುತ್ತೀಯಾ ಎಂದು ಮಂಟೇಸ್ವಾಮಿ ಕೇಳಲೇ ಇಲ್ಲ. ಜಂಗಮರೆಲ್ಲ ನಂಬಿದವರೇ ಆಗಿದ್ದರು.

ಇದಕ್ಕಿಂತ ಮುಖ್ಯವಾದದ್ದು ಕಥೆಯ ಮುಂದಿನ ಭಾಗದಲ್ಲಿದೆ. ಮಂಟೇಸ್ವಾಮಿಗೆ ಶಿಶುಮಗ ಬೇಕು. ಮದ್ದೂರು ಸೀಮೆಯ ನಿಡಘಟ್ಟದ ಪಾಂಚಾಳರ ಮನೆಯ ಮಗ ಕೆಂಪಾಚಾರಿಯ ಮೇಲೆ ಅವನ ಕಣ್ಣು ಬೀಳುತ್ತದೆ. ಹೆತ್ತವರು ಕೊಡಲು ಒಪ್ಪುವುದಿಲ್ಲ. ಮನೆಯ ಮೇಲೆ ಕಷ್ಟದ ಮೇಲೆ ಕಷ್ಟ ಬರುತ್ತದೆ. ಕೊನೆಗೆ ಮಗ ಗುರುವಿನ ಪಾಲಾಗುತ್ತಾನೆ. ಮುಂದೆ ಸಿದ್ಧಪ್ಪಾಜಿಯಾದ ಅವನನ್ನು ಗುರು ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿಗೆ ಕಳಿಸುತ್ತಾನೆ. ಅಲ್ಲಿ ಅವನು ಪಡುವ ಪಾಡು ಕೇಳುವಂಥದ್ದಲ್ಲ. ಈ ಭಾಗ ಬಂದಾಗ ಹಾಡಿನ ವರಸೆ ಬದಲಾಗುತ್ತದೆ, ತಾಯಿಯ ಗೋಳು ಶುರುವಾಗುತ್ತದೆ. ಕೇಳಲು ಕೂತವರೆಲ್ಲ ಮಂಟೇಸ್ವಾಮಿಯ ಒಕ್ಕಲು, ಅವನ ಹೆಸರಲ್ಲಿ ಹರಕೆ ಹೊತ್ತವರು. ಅವರ ಕಣ್ಣೀರು ಮಾತ್ರ ಹರಿಯುವುದು ಆ ತಾಯಿಯ ಕಡೆಗೆ. ಮಗನನ್ನು ಒಯ್ಯುತ್ತಿರುವುದು ತಮ್ಮ ದೇವರೇ ಎಂದು ಗೊತ್ತಿದ್ದೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಗ್ರೀಸಿನಲ್ಲಿ ಸಾಕ್ರಟೀಸ್ ಕೇಳಿದ್ದ ಪ್ರಶ್ನೆಯೊಂದಿದೆ: ದೇವತೆಗಳು ಮೆಚ್ಚಿದರೆಂದು ಒಂದು ಕೆಲಸ ಪವಿತ್ರವಾಗುತ್ತದೆಯೋ, ಪವಿತ್ರವಾದ್ದರಿಂದ ಅವರು ಮೆಚ್ಚುತ್ತಾರೆಯೋ? ನೀಲಗಾರರ ಹಾಡು ಕೇಳುವ ಹೆಂಗಸರು ಈ ಪ್ರಶ್ನೆಯನ್ನು ಕೇಳಿರಲಿಕ್ಕಿಲ್ಲ, ಉತ್ತರವನ್ನಂತೂ ಕೊಟ್ಟಿದ್ದಾರೆ. ದೇವರು ಮಾಡಿದ್ದರಿಂದ ಆ ತಾಯಿಯ ನೋವು ನೋವಲ್ಲದೆ ಹೋಗಲಿಲ್ಲ. ಭಕ್ತಿ ಕಿಂಚಿತ್ತೂ ಕುಂದದೆಯೇ ಅವರ ಮರುಕ ದೇವರ ನಡೆಯನ್ನು ತೂಗಿ ನೋಡಿತು. ದಯೆ ನಂಬಿಕೆಯಿಂದಲೇ ಹುಟ್ಟುವುದಾಗಿದ್ದರೆ ನಂಬಿಕೆಯ ಎದುರು ನಿಂತು ಹೀಗೆ ಅಳಲು ಅದಕ್ಕೆ ಬಾಯಿ ಇರುತ್ತಿರಲಿಲ್ಲ. ದಯೆಗೆ ಧಾರ್ಮಿಕ ನಂಬಿಕೆ ಬೇಕಿಲ್ಲ ಎನ್ನಲು ನನಗೆ ನಾಸ್ತಿಕರ ಸಾಕ್ಷಿಗಿಂತ ಈ ಭಕ್ತರ ಸಾಕ್ಷಿ ಹೆಚ್ಚು ಬಲವಾಗಿ ಕಾಣುತ್ತದೆ.

ಹಾಗೆಂದು ನಂಬಿಕೆಯನ್ನು ಪಕ್ಕಕ್ಕೆ ಸರಿಸಿದರೂ ಲೆಕ್ಕ ತಪ್ಪುತ್ತದೆ. ಅದೇ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ, ಹಲವು ಜಾತಿಯ ಜನ ಬಯಲಲ್ಲಿ ಒಲೆ ಹೂಡಿ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆ ನಡೆಯುತ್ತದೆ. ಸಮಾನತೆಯ ಮೇಲಿನ ಭಾಷಣ ಕೇಳಿ ಯಾರೂ ಹಾಗೆ ಕೂರಲಿಲ್ಲ. ದೈವದ ಹೆಸರು ಕೂರಿಸಿತು. ಜಾತ್ರೆ ಮುಗಿದು ಊರು ಸೇರಿದ ಮೇಲೆ ಸಾಲುಗಳು ಮತ್ತೆ ಬೇರೆಯಾಗುವುದೂ ಉಂಟು.

ದಯೆಯ ಕಾರಣಗಳು ಎಷ್ಟು ಬೆರಕೆ ಎಂದು ತಿಳಿಯಲು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬೇಸಿಗೆಯುದ್ದಕ್ಕೂ ಗೂಡು ಕಟ್ಟಿ ಮರಿ ಮಾಡುತ್ತವೆ. ಹೆಂಚಿನ ಮೇಲೆ, ಒಗೆದು ಹರವಿದ ಬಟ್ಟೆಯ ಮೇಲೆ, ನಿಲ್ಲಿಸಿದ ಬೈಕಿನ ಮೇಲೆ ಹಿಕ್ಕೆ ಬೀಳುತ್ತದೆ. ಅರೆಜೀರ್ಣವಾದ ಮೀನಿನ ವಾಸನೆ ಓಣಿ ತುಂಬುತ್ತದೆ. ಊರವರು ಕಲ್ಲೆತ್ತುವುದಿಲ್ಲ. ಯಾಕೆ ಎಂದರೆ ಒಬ್ಬರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅವು ಎನ್ನುತ್ತಾರೆ; ಇನ್ನೊಬ್ಬರು ಹಕ್ಕಿ ಬಂದರೆ ಮಳೆಬೆಳೆ ಚೆನ್ನ ಎನ್ನುತ್ತಾರೆ; ಮತ್ತೊಬ್ಬರು ಹಿಕ್ಕೆ ಒಳ್ಳೆಯ ಗೊಬ್ಬರ ಎನ್ನುತ್ತಾರೆ. ಗೂಡಿರುವ ಮರದ ಹುಣಸೆ ಬಡಿಯದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಟೂ ಇದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ಹುಡುಗರು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಇದರಲ್ಲಿ ನಂಬಿಕೆಯ ಪಾಲೆಷ್ಟು, ಲಾಭದ ಪಾಲೆಷ್ಟು, ಮಮತೆಯ ಪಾಲೆಷ್ಟು? ಬಿಡಿಸಲು ಬರುವುದಿಲ್ಲ, ಬಿಡಿಸುವ ಅಗತ್ಯವೂ ಇಲ್ಲ. ಒಂದು ಕಾರಣ ಸಡಿಲವಾದ ವರ್ಷ ಇನ್ನೊಂದು ಹಿಡಿದುಕೊಂಡಿರುವುದರಿಂದಲೇ ಇಂಥ ದಯೆ ತಲೆಮಾರುಗಳನ್ನು ದಾಟುತ್ತದೆ.

ಹಾಗಾಗಿ ದೇವರನ್ನು ನಂಬದವರ ಮುಂದೆ ಒಂದು ಹೊಣೆ ಉಳಿಯುತ್ತದೆ. ಮನಸ್ಸು ಮಿಡಿಯದ ದಿನವೂ ಒಲೆ ಹತ್ತಿಸುವ ಅಭ್ಯಾಸವನ್ನು ಅವರು ಎಲ್ಲಿಂದಾದರೂ ತರಬೇಕು. ವಿಚಾರವಂತಿಕೆಯಿಂದ ತಾನಾಗಿ ಅದು ಬರುವುದಿಲ್ಲ. ನರಸಿಂಹಯ್ಯನವರ ಹಾಸ್ಟೆಲಿನ ಬದುಕಿನಂತೆ ದಿನದಿನವೂ ರೂಢಿಸಿಕೊಳ್ಳಬೇಕು. ನಂಬುವವರ ಹೊಣೆ ಬೇರೆ. ತಮ್ಮ ಅಭ್ಯಾಸ ಯಾರನ್ನು ಬಾಗಿಲಲ್ಲೇ ತಡೆಯುತ್ತಿದೆ ಎಂದು ಅವರು ಆಗಾಗ ಎದ್ದು ಹೋಗಿ ನೋಡಬೇಕು, ಯಾಕೆಂದರೆ ಕಲ್ಯಾಣದಲ್ಲೂ ಒಳಗೆ ಉಣ್ಣುತ್ತಿದ್ದವರಿಗೆ ಹೊರಗಿನ ಸುದ್ದಿ ಮುಟ್ಟಿರಲಿಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಆಯುಷ್ಯವಿಡೀ ಯೋಚಿಸಿದರೂ ಉತ್ತರ ಸಿಗದೆ ಹೋಗಬಹುದು. ನಮ್ಮ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಿಲ್ಲ ಎಂಬುದಕ್ಕೆ ಇವತ್ತಿನ ಊಟದ ಹೊತ್ತಿಗೇ ಉತ್ತರ ಸಿಗುತ್ತದೆ.